ತುರಿಸುವ ನಾಯಿಗೆ ಕ್ಲೋರ್‌ಹೆಕ್ಸಿಡಿನ್–ಮೈಕೋನಜೋಲ್ ಶಾಂಪೂ: ಹತ್ತು ನಿಮಿಷ ನೊರೆ ನಿಲ್ಲಿಸಿದವರಿಗೆ ಮಾತ್ರ

ನಾಯಿ ಹಗಲೂ ರಾತ್ರಿ ಕೆರೆದುಕೊಳ್ಳುತ್ತಿದೆ, ಪಂಜ ನೆಕ್ಕಿ ನೆಕ್ಕಿ ಬಿಳಿ ಕೂದಲೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದೆ, ಕಂಕುಳಿನ ಹತ್ತಿರ ಮೂಗು ಇಟ್ಟರೆ ಹಳೆಯ ಎಣ್ಣೆಯ ಕಮಟು ವಾಸನೆ. ಇಂಥ ನಾಯಿಯನ್ನು ನೋಡಿದ ಪಶುವೈದ್ಯರು ಬರೆದುಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವ ಶಾಂಪೂ ಒಂದಿದೆ: ಶೇ. 2 ಕ್ಲೋರ್‌ಹೆಕ್ಸಿಡಿನ್ ಗ್ಲುಕೋನೇಟ್ ಮತ್ತು ಶೇ. 2 ಮೈಕೋನಜೋಲ್ ನೈಟ್ರೇಟ್. ಈ ಜೋಡಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಮಲಸೆಬ್ ಅವುಗಳಲ್ಲಿ ಹೆಸರುವಾಸಿ. ಇಲ್ಲಿ ಬರೆದಿರುವುದು ಯಾವುದೋ ಒಂದು ಕಂಪನಿಯ ಬಾಟಲಿಯ ಬಗ್ಗೆ ಅಲ್ಲ, ಈ ಮಿಶ್ರಣದ ಬಗ್ಗೆ. ಬಾಟಲಿ ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ. ‘ಔಷಧಯುಕ್ತ’ ಎಂದು ದೊಡ್ಡದಾಗಿ ಬರೆದು, ಎಷ್ಟು ಶೇಕಡಾ ಎಂಬುದನ್ನೇ ಹೇಳದ ಶಾಂಪೂವನ್ನು ಅಲ್ಲೇ ಬಿಟ್ಟು ಬನ್ನಿ.

ಮೊದಲು ಇದು ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗಬೇಕು. ಆರೋಗ್ಯವಂತ ನಾಯಿಯ ಚರ್ಮದ ಮೇಲೂ ಸ್ಟ್ಯಾಫಿಲೋಕಾಕಸ್ ಸ್ಯೂಡ್‌ಇಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯಾ ಮತ್ತು ಮಲಸೀಜಿಯಾ ಎಂಬ ಯೀಸ್ಟ್ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಅಲರ್ಜಿ ಇರುವ ನಾಯಿಯ ಚರ್ಮದ ಹೊರಪದರ ಸಡಿಲವಾಗಿರುತ್ತದೆ. ಉರಿಯೂತದಿಂದ ಅಲ್ಲಿ ಬಿಸಿ, ತೇವ, ಜಿಡ್ಡು ಹೆಚ್ಚುತ್ತವೆ. ನೆಕ್ಕುವುದರಿಂದ ಒದ್ದೆ ಆರುವುದೇ ಇಲ್ಲ. ಈ ಎರಡೂ ಜೀವಿಗಳಿಗೆ ಬೇಕಾದದ್ದು ಇದೇ. ಅವು ಮಿತಿಮೀರಿ ಬೆಳೆದ ಮೇಲೆ ಅವೇ ಹೊಸ ತುರಿಕೆ ಹುಟ್ಟಿಸುತ್ತವೆ. ಅಲ್ಲಿಗೆ ಅಲರ್ಜಿಯ ತುರಿಕೆಯ ಮೇಲೆ ಸೋಂಕಿನ ತುರಿಕೆ ಸೇರಿತು. ಶಾಂಪೂ ಇಳಿಸುವುದು ಈ ಎರಡನೆಯದನ್ನು ಮಾತ್ರ. ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾವನ್ನು ಹೊಡೆಯುತ್ತದೆ, ಮೈಕೋನಜೋಲ್ ಯೀಸ್ಟನ್ನು. ಅಲರ್ಜಿಗೂ ಚಿಗಟಕ್ಕೂ ಕಜ್ಜಿಹುಳಕ್ಕೂ ಇದು ಮದ್ದಲ್ಲ.

ನಿಮ್ಮ ನಾಯಿಗೆ ಸೋಂಕು ಇದೆಯೋ ಇಲ್ಲವೋ ಎಂಬುದನ್ನು ಚರ್ಮವೇ ಬಹಳಷ್ಟು ಹೇಳುತ್ತದೆ. ಯೀಸ್ಟ್ ಆದರೆ ಜಿಡ್ಡು, ಕಮಟು ವಾಸನೆ, ಕತ್ತಿನ ಕೆಳಗೆ, ಕಂಕುಳು, ತೊಡೆಸಂದು, ಬೆರಳ ಸಂದುಗಳಲ್ಲಿ ಕೆಂಪು. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಚರ್ಮ ದಪ್ಪಗಾಗಿ, ಕಪ್ಪಾಗಿ, ಮಡಿಕೆ ಬೀಳುತ್ತದೆ. ಬ್ಯಾಕ್ಟೀರಿಯಾ ಆದರೆ ಹೊಟ್ಟೆಯ ಮೇಲೆ ಸಣ್ಣ ಕೀವುಗುಳ್ಳೆ, ಅದು ಒಡೆದ ಜಾಗದಲ್ಲಿ ಅಂಚಿನಲ್ಲಿ ಸಿಪ್ಪೆ ಎದ್ದ ದುಂಡು ಕಲೆ. ಗಿಡ್ಡ ಕೂದಲಿನ ನಾಯಿಗಳಲ್ಲಿ ಅಲ್ಲಲ್ಲಿ ಕೂದಲು ಉದುರಿ ಹುಳ ತಿಂದ ಬಟ್ಟೆಯ ಹಾಗೆ ಕಾಣುತ್ತದೆ. ಖಚಿತವಾಗಬೇಕಾದರೆ ಡಾಕ್ಟರು ಪಾರದರ್ಶಕ ಟೇಪನ್ನು ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವೇ ನಿಮಿಷಗಳ ಪರೀಕ್ಷೆ ಅದು. ಅದನ್ನು ಕೇಳಿ ಮಾಡಿಸಿಕೊಳ್ಳಿ. ಟೇಪಿನಲ್ಲಿ ಏನೂ ಕಾಣದಿದ್ದರೆ ಈ ಶಾಂಪೂವಿನ ಅಗತ್ಯವೂ ಅಷ್ಟಕ್ಕಷ್ಟೆ.

ಈಗ ಬಳಸುವ ಕ್ರಮಕ್ಕೆ ಬರೋಣ. ‘ಏನೂ ಪ್ರಯೋಜನ ಆಗಲಿಲ್ಲ’ ಎಂಬ ದೂರುಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಔಷಧಿ ಚರ್ಮಕ್ಕೆ ತಾಗಿರಬೇಕಾದ ಹೊತ್ತು 10 ನಿಮಿಷ. ಅಂದಾಜಿನಲ್ಲಿ ಬೇಡ, ಫೋನಿನಲ್ಲಿ ಟೈಮರ್ ಇಡಿ. ಲೆಕ್ಕ ಶುರುವಾಗಬೇಕಾದದ್ದು ಶಾಂಪೂ ಹಾಕಲು ತೊಡಗಿದಾಗ ಅಲ್ಲ, ಮೈಪೂರ್ತಿ ನೊರೆ ಆದ ಮೇಲೆ. ನೊರೆ ಬರಿಸಿದ ಕೂಡಲೇ ತೊಳೆದುಬಿಟ್ಟರೆ ಸಾಮಾನ್ಯ ಸೋಪಿನ ಸ್ನಾನಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ.

ಮೊದಲು ತಣ್ಣಗಿನ ಅಥವಾ ಬರೀ ಉಗುರುಬೆಚ್ಚಗಿನ ನೀರಿನಲ್ಲಿ ಚರ್ಮ ತಲುಪುವ ತನಕ ನೆನೆಸಿ. ಬಿಸಿನೀರು ಹಾಕಿದರೆ ರಕ್ತನಾಳ ಹಿಗ್ಗಿ ತುರಿಕೆ ಜಾಸ್ತಿಯಾಗುತ್ತದೆ. ಉದ್ದ ಕೂದಲಿನ, ಒಳಕೂದಲು ದಟ್ಟವಾಗಿರುವ ನಾಯಿಗೆ ನೆನೆಸುವುದಕ್ಕೇ ನಾಲ್ಕೈದು ನಿಮಿಷ ಬೇಕು, ಏಕೆಂದರೆ ಮೇಲಿನ ಕೂದಲು ನೀರನ್ನು ಜಾರಿಸಿಬಿಡುತ್ತದೆ. ಮೈ ತುಂಬ ಜಿಡ್ಡು, ಮಣ್ಣು ಇದ್ದರೆ ಮೊದಲೊಮ್ಮೆ ಸಾದಾ ನಾಯಿ ಶಾಂಪೂ ಹಾಕಿ ತೊಳೆದುಬಿಡಿ. ಕೊಳೆ ಮತ್ತು ಕೀವು ಇದ್ದಲ್ಲಿ ಕ್ಲೋರ್‌ಹೆಕ್ಸಿಡಿನ್‌ನ ಬಲ ಕುಗ್ಗುತ್ತದೆ. ಆದರೆ ಆ ಸಾದಾ ಶಾಂಪೂವಿನ ಪಸೆ ಒಂದಿಷ್ಟೂ ಉಳಿಯಬಾರದು. ಕ್ಲೋರ್‌ಹೆಕ್ಸಿಡಿನ್ ಧನ ಆವೇಶದ ಅಣು, ಸೋಪು ಮತ್ತು ಹೆಚ್ಚಿನ ಶಾಂಪೂಗಳ ನೊರೆಕಾರಕಗಳು ಋಣ ಆವೇಶದವು. ಎರಡೂ ಸೇರಿದರೆ ಒಂದಕ್ಕೊಂದು ಅಂಟಿಕೊಂಡು ಔಷಧಿ ಸತ್ತಂತೆಯೇ. ಸುವಾಸನೆಗೆಂದು ಬೇರೆ ಶಾಂಪೂವನ್ನು ಇದರ ಜೊತೆ ಬೆರೆಸುವವರು ದುಡ್ಡು ನೀರಿಗೆ ಹಾಕಿದ ಹಾಗೆ.

ಶಾಂಪೂವನ್ನು ಬೆನ್ನಿನ ಮೇಲೆ ಸುರಿದು ಕೆಳಕ್ಕೆ ಉಜ್ಜುವುದು ಎಲ್ಲರ ಅಭ್ಯಾಸ. ಹಾಗೆ ಮಾಡಿದರೆ ಬೆನ್ನಿಗೆ ಹೆಚ್ಚಾಗಿ, ಬೇಕಾದ ಜಾಗಕ್ಕೆ ಸಾಲದೆ ಹೋಗುತ್ತದೆ. ಕೆಟ್ಟಿರುವ ಕಡೆಯಿಂದ ಶುರುಮಾಡಿ. ಮೊದಲು ನಾಲ್ಕೂ ಪಂಜ, ಬೆರಳುಗಳನ್ನು ಬಿಡಿಸಿ ಮೇಲಿನ ಸಂದು, ಅಡಿಯ ಮೆತ್ತೆಗಳ ನಡುವೆ. ಆಮೇಲೆ ಕಂಕುಳು, ತೊಡೆಸಂದು, ಹೊಟ್ಟೆ, ಬಾಲದ ಬುಡದ ಕೆಳಗೆ, ಕತ್ತಿನ ಮಡಿಕೆ. ಕೊನೆಗೆ ಬೆನ್ನು. ಹೀಗೆ ಮಾಡಿದರೆ ಹೆಚ್ಚು ಕೆಟ್ಟ ಜಾಗದಲ್ಲಿ ಔಷಧಿ ಹೆಚ್ಚು ಹೊತ್ತು ನಿಲ್ಲುತ್ತದೆ. ಉಗುರು ಹಾಕಿ ಕೆರೆದು ಉಜ್ಜಬೇಡಿ. ಬೆರಳ ತುದಿಯಿಂದ, ಕೂದಲು ಬೆಳೆದ ದಿಕ್ಕಿಗೆ ತಿಕ್ಕಿ. ನೊರೆ ಆರಿದಂತೆ ಕಂಡರೆ ಸ್ವಲ್ಪ ನೀರು ಚಿಮುಕಿಸಿ. ಆ ಹತ್ತು ನಿಮಿಷ ನಾಯಿ ನೆಕ್ಕದ ಹಾಗೆ ಹಿಡಿದಿರಬೇಕು. ತಿನಿಸನ್ನು ಅಂಟಾಗಿ ಸವರಿದ ರಬ್ಬರ್ ಚಾಪೆಯನ್ನು ಗೋಡೆಗೆ ಅಂಟಿಸಿಟ್ಟರೆ ಹೆಚ್ಚಿನ ನಾಯಿಗಳು ಅದನ್ನೇ ನೆಕ್ಕುತ್ತ ನಿಂತುಬಿಡುತ್ತವೆ. ಅಲರ್ಜಿ ತರುವ ಆಹಾರ ಹುಡುಕಲು ಒಂದೇ ಬಗೆಯ ಆಹಾರ ಕೊಡುತ್ತಿದ್ದರೆ (ಈ ಆಹಾರ ಪರೀಕ್ಷೆಯ ವಿವರ ಮುಂದಿದೆ) ಚಾಪೆಗೂ ಅದೇ ಆಹಾರ.

ಕಣ್ಣು ಮತ್ತು ಕಿವಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಕಣ್ಣಿನ ಪಾರದರ್ಶಕ ಪಟಲವನ್ನು ಸುಡಬಲ್ಲದು, ತಮಟೆ ಹರಿದಿರುವ ಕಿವಿಯೊಳಗೆ ಹೋದರೆ ಕೇಳುವ ಶಕ್ತಿಗೇ ಕುತ್ತು. ಮುಖಕ್ಕೆ ಶಾಂಪೂ ಸುರಿಯದೆ, ಒದ್ದೆ ಬಟ್ಟೆಯಲ್ಲಿ ಸ್ವಲ್ಪ ತೆಗೆದುಕೊಂಡು ಗದ್ದ ಮತ್ತು ತುಟಿಯ ಮಡಿಕೆಗಳನ್ನು ಮಾತ್ರ ಒರೆಸಿ, ಬಳಿಕ ಒದ್ದೆ ಬಟ್ಟೆಯಿಂದಲೇ ತೆಗೆಯಿರಿ. ಕಣ್ಣಿಗೆ ಬಿದ್ದರೆ ಧಾರಾಳ ನೀರು ಬಿಟ್ಟು ತೊಳೆದು ಡಾಕ್ಟರಿಗೆ ತೋರಿಸಿ.

ತೊಳೆಯುವುದಕ್ಕೂ ಹಾಕಿದಷ್ಟೇ ಹೊತ್ತು ಕೊಡಿ. ಕಂಕುಳಲ್ಲಿ ಪಸೆ ಉಳಿದರೆ ಅದರಿಂದಲೇ ಚರ್ಮ ಉರಿಯುತ್ತದೆ, ‘ಶಾಂಪೂ ಅಲರ್ಜಿ ಆಯಿತು’ ಎಂಬ ತಪ್ಪು ತೀರ್ಮಾನಕ್ಕೂ ದಾರಿ. ಟವೆಲಿನಿಂದ ಒತ್ತಿ ಆರಿಸಿ, ಉಜ್ಜಬೇಡಿ. ಡ್ರೈಯರ್ ಬಳಸುವುದಾದರೆ ತಣ್ಣನೆಯ ಗಾಳಿ. ಬೆರಳ ಸಂದು ಒದ್ದೆ ಉಳಿದರೆ ಯೀಸ್ಟ್ ಮತ್ತೆ ಹಾಜರ್. ಆ ಟವೆಲನ್ನು ಕ್ಲೋರಿನ್ ಬ್ಲೀಚಿನಲ್ಲಿ ಹಾಕಬೇಡಿ, ಕ್ಲೋರ್‌ಹೆಕ್ಸಿಡಿನ್ ತಗುಲಿದ ಕಡೆಯೆಲ್ಲ ಹೋಗದ ಕಂದು ಕಲೆ ಬೀಳುತ್ತದೆ.

ವಾರಕ್ಕೆ ಎರಡು ಸಲ, ಲಕ್ಷಣ ಇಳಿಯುವ ತನಕ. ಆಮೇಲೆ ವಾರಕ್ಕೊಮ್ಮೆ. ಮೊದಲು ಹೋಗುವುದು ವಾಸನೆ, ಬಳಿಕ ಜಿಡ್ಡು, ಕೆಂಪು. ದಪ್ಪಗಾಗಿ ಕಪ್ಪಾದ ಚರ್ಮ ತಿಳಿಯಾಗಲು ತಿಂಗಳುಗಳೇ ಬೇಕು. ಅದನ್ನು ನೋಡಿ ಔಷಧಿ ಸೋತಿತು ಎಂದುಕೊಳ್ಳುವುದು ಬೇಡ. ಪಂಜ ಮಾತ್ರ ಕೆಟ್ಟಿದ್ದರೆ ಇಡೀ ಮೈ ತೊಳೆಯಬೇಕಿಲ್ಲ. ಇದೇ ಬಗೆಯ ಔಷಧಿ ಇರುವ ಒರೆಸುವ ಹಾಳೆ ಅಥವಾ ತೊಳೆಯಬೇಕಿಲ್ಲದ ನೊರೆ (ಮೂಸ್) ದಿನಕ್ಕೊಮ್ಮೆ ಸಾಕು. ದೊಡ್ಡ ನಾಯಿಯನ್ನು ವಾರಕ್ಕೆರಡು ಸಲ ಮೀಯಿಸುವುದು ಆಗದ ಮಾತು ಎನ್ನುವವರಿಗೂ ಈ ದಾರಿ ಒಳ್ಳೆಯದು.

ಇದರ ಅತಿ ದೊಡ್ಡ ಗುಣ ಬೇರೆಯೇ. ಮೇಲ್ಮೈಯ ಬ್ಯಾಕ್ಟೀರಿಯಾ ಸೋಂಕನ್ನು ಎಷ್ಟೋ ಬಾರಿ ಆಂಟಿಬಯೋಟಿಕ್ ಮಾತ್ರೆ ಇಲ್ಲದೆಯೇ ಇಳಿಸಬಹುದು. ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ತಳಿಗಳ ಮೇಲೂ ಕ್ಲೋರ್‌ಹೆಕ್ಸಿಡಿನ್ ಕೆಲಸ ಮಾಡುತ್ತದೆ. ಅಲರ್ಜಿ ನಾಯಿಗೆ ಜೀವನಪೂರ್ತಿ ಸೋಂಕು ಮರುಕಳಿಸುವುದರಿಂದ, ಪ್ರತಿ ಸಲವೂ ಮಾತ್ರೆ ನುಂಗಿಸುತ್ತ ಹೋದರೆ ಒಂದು ದಿನ ಯಾವ ಮಾತ್ರೆಯೂ ನಾಟುವುದಿಲ್ಲ. ಈ ಒಂದು ಕಾರಣಕ್ಕೇ ಇದನ್ನು ನಾವು ಓಟ್ಸ್ ಶಾಂಪೂಗಳಿಗಿಂತ ಮೇಲೆ ಇಡುತ್ತೇವೆ. ಓಟ್ಸಿನದು ಒಣಚರ್ಮಕ್ಕೆ ಒಂದೆರಡು ದಿನದ ತಂಪು ಕೊಡುತ್ತದೆ, ಸೋಂಕಿಗೆ ಏನೂ ಮಾಡದು. ಬೆಂಜಾಯಿಲ್ ಪೆರಾಕ್ಸೈಡ್ ಶಾಂಪೂ ಜಿಡ್ಡನ್ನು ಚೆನ್ನಾಗಿ ಕಡಿಯುತ್ತದೆ, ಆದರೆ ಚರ್ಮವನ್ನು ಒಣಗಿಸುತ್ತದೆ, ಬಟ್ಟೆಯ ಬಣ್ಣವನ್ನೂ ತೆಗೆಯುತ್ತದೆ. ಟೀ ಟ್ರೀ ಎಣ್ಣೆಯನ್ನು ನಾಯಿಗೆ ಹಚ್ಚಲೇಬೇಡಿ, ಅದು ವಿಷ. ಕೆರೆದು ಗಾಯವಾದ ಜಾಗಕ್ಕೆ ವಿನಿಗರ್ ಸುರಿಯುವುದು ಹಿಂಸೆ.

ಹಾಗಾದರೆ ಶಾಂಪೂ ಮುಟ್ಟದ ಮೂಲಕಾರಣದ ಗತಿ? ಮೊದಲು ಚಿಗಟ. ಬಾಲದ ಬುಡ, ಸೊಂಟದ ಮೇಲೆ ತುರಿಕೆ ಹೆಚ್ಚಿದ್ದರೆ ಅದೇ ಗುಮಾನಿ. ಒಂದೂ ಚಿಗಟ ಕಾಣದಿದ್ದರೂ ಅಲರ್ಜಿ ನಾಯಿಗೆ ಕೆಲವೇ ಕಡಿತ ಸಾಕು. ಅಫಾಕ್ಸೊಲನರ್, ಸಾರೊಲನರ್ ಮಾತ್ರೆ ತಿಂಗಳಿಗೊಮ್ಮೆ, ಫ್ಲುರಲನರ್ ಮಾತ್ರೆ ಚಿಗಟಕ್ಕೆ 12 ವಾರಕ್ಕೊಮ್ಮೆ. ಇವು ಕಜ್ಜಿಹುಳವನ್ನೂ ಕೊಲ್ಲುತ್ತವೆ, ಸ್ನಾನದಿಂದ ತೊಳೆದುಹೋಗುವುದಿಲ್ಲ. ಫಿಟ್ಸ್ ಬರುವ ನಾಯಿಯಾದರೆ ಕೊಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಕತ್ತಿನ ಮೇಲೆ ಹನಿಸುವ ಔಷಧಿ ಬಳಸುತ್ತಿದ್ದರೆ ಸ್ನಾನಕ್ಕೂ ಅದಕ್ಕೂ ಎರಡು ದಿನದ ಅಂತರ ಇಡಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ನಾಯಿ ಔಷಧಿಯನ್ನು ತರಲೇಬೇಡಿ, ಬೆಕ್ಕಿನ ಪ್ರಾಣ ಹೋಗುತ್ತದೆ.

ವರ್ಷವಿಡೀ ಒಂದೇ ಸಮ ತುರಿಕೆ ಇದ್ದರೆ ಮುಂದಿನದು ಆಹಾರ ಪರೀಕ್ಷೆ: ನಾಯಿ ಹಿಂದೆಂದೂ ತಿನ್ನದ ಪ್ರೋಟೀನ್ ಅಥವಾ ಪ್ರೋಟೀನನ್ನು ಸಣ್ಣ ಚೂರಾಗಿ ಒಡೆದ ‘ಹೈಡ್ರೊಲೈಸ್ಡ್’ ಆಹಾರ, ಕನಿಷ್ಠ 8 ವಾರ, ಬೇರೆ ಒಂದು ತುಣುಕೂ ಇಲ್ಲ. ಸುವಾಸನೆಯ ಮಾತ್ರೆ, ಅಗಿಯುವ ಕಡ್ಡಿ ಕೂಡ ಲೆಕ್ಕಕ್ಕೆ ಬರುತ್ತವೆ. ಇಳಿದರೆ ಹಳೆಯ ಆಹಾರ ಮತ್ತೆ ಕೊಟ್ಟು ತುರಿಕೆ ಮರಳುತ್ತದೆಯೇ ನೋಡಬೇಕು, ಇಲ್ಲದಿದ್ದರೆ ಪರೀಕ್ಷೆ ಅರ್ಧ. ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ ಇವೇ ಹೆಚ್ಚು ಸಿಕ್ಕಿಬೀಳುವ ಆಹಾರಗಳು. ರಕ್ತ ಅಥವಾ ಕೂದಲು ಕಳಿಸಿ ಆಹಾರದ ಅಲರ್ಜಿ ಪತ್ತೆಮಾಡುವ ಕಿಟ್‌ಗಳನ್ನು ನಂಬಿ ಊಟ ಬದಲಿಸಬೇಡಿ.

ಇವೆರಡೂ ಅಲ್ಲವೆಂದಾದರೆ ಧೂಳುಹುಳ, ಪರಾಗದಂಥ ಪರಿಸರದ ಅಲರ್ಜಿ. ಅಲ್ಲಿ ತುರಿಕೆ ತಗ್ಗಿಸುವ ಔಷಧಿಗಳಿವೆ. ಒಕ್ಲಾಸಿಟಿನಿಬ್ ಮಾತ್ರೆ: ಕೆಜಿಗೆ 0.4ರಿಂದ 0.6 ಮಿ.ಗ್ರಾಂ, ದಿನಕ್ಕೆರಡು ಸಲ ಹೆಚ್ಚೆಂದರೆ 14 ದಿನ, ಆಮೇಲೆ ದಿನಕ್ಕೊಮ್ಮೆ. ಒಂದು ವರ್ಷ ತುಂಬದ ನಾಯಿಗೆ ಕೊಡುವಂತಿಲ್ಲ. ಲೋಕಿವೆಟ್‌ಮ್ಯಾಬ್ ಇಂಜೆಕ್ಷನ್ ಸುಮಾರು ತಿಂಗಳಿಗೊಮ್ಮೆ. ಸೈಕ್ಲೋಸ್ಪೋರಿನ್ ನಾಟಲು 4ರಿಂದ 6 ವಾರ ಹಿಡಿಯುತ್ತದೆ. ಇವೆಲ್ಲ ಡಾಕ್ಟರು ತೂಕ ನೋಡಿ ಬರೆಯಬೇಕಾದವು. ಸೋಂಕು ಉಳಿಸಿಕೊಂಡು ಇವನ್ನು ಶುರುಮಾಡಿದರೆ ಅರ್ಧ ತುರಿಕೆ ಹಾಗೇ ಉಳಿಯುತ್ತದೆ, ದುಬಾರಿ ಔಷಧಿಗೆ ಕೆಟ್ಟ ಹೆಸರು ಬರುತ್ತದೆ. ಮನುಷ್ಯರ ಅಲರ್ಜಿ ಮಾತ್ರೆಗಳು ನಾಯಿಯ ತುರಿಕೆಗೆ ತೀರ ದುರ್ಬಲ. ಅದರಲ್ಲೂ ಸೂಡೋಎಫೆಡ್ರಿನ್ ಬೆರೆತ ಶೀತದ ಮಾತ್ರೆ ನಾಯಿಯನ್ನು ಕೊಲ್ಲಬಹುದು.

ಸ್ನಾನದ ಮರುದಿನ ಚರ್ಮ ಮೊದಲಿಗಿಂತ ಕೆಂಪಾಗಿ ಸಿಪ್ಪೆ ಎದ್ದರೆ ನಿಲ್ಲಿಸಿ. ಕೆಲವೇ ನಾಯಿಗಳಿಗಾದರೂ ಕ್ಲೋರ್‌ಹೆಕ್ಸಿಡಿನ್ ಒಗ್ಗುವುದಿಲ್ಲ. ಮೀಯಿಸುವವರಿಗೂ ಅದು ಒಗ್ಗದಿರಬಹುದು, ಕೈಗವಸು ಹಾಕಿಕೊಳ್ಳಿ. ಸರಿಯಾಗಿ, ಹತ್ತು ನಿಮಿಷ ಬಿಟ್ಟು, ವಾರಕ್ಕೆರಡು ಸಲ ಮೂರು ವಾರ ಮೀಯಿಸಿದ ಮೇಲೂ ಗುಳ್ಳೆ, ವಾಸನೆ ಇಳಿಯದಿದ್ದರೆ ಬಾಟಲಿ ಬದಲಿಸಬೇಡಿ. ಮತ್ತೊಮ್ಮೆ ಟೇಪ್ ಪರೀಕ್ಷೆ, ಡೆಮೋಡೆಕ್ಸ್ ಹುಳಕ್ಕಾಗಿ ಚರ್ಮ ಕೆರೆದು ನೋಡುವ ಪರೀಕ್ಷೆ, ಗುಳ್ಳೆಯಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್, ಈ ಮೂರನ್ನೂ ಮಾಡಿಸಿ.