ಡಸ್ಟರ್ ಕಾರಿನ ಟೈಮಿಂಗ್ ಬೆಲ್ಟ್: ನಮ್ಮ ಬಡಾವಣೆಯ ಗ್ಯಾರೇಜಿನ ಕೆಲಸ ಹೇಗಿತ್ತು

ನಮ್ಮ 2014ರ ರೆನೋ ಡಸ್ಟರ್ ಡೀಸೆಲ್ ಕಾರಿಗೆ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸಿಡುವ ಹಲ್ಲಿನ ಪಟ್ಟಿ) ಬದಲಿಸುವ ಕಾಲ ಬಂದಾಗ, ಕಂಪನಿಯ ಸರ್ವೀಸ್ ಸೆಂಟರಿನವರು 31,000 ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಇನ್ನೊಂದು ವರ್ಷ ತಳ್ಳೋಣವೇ ಎಂಬ ಆಲೋಚನೆ ಬಂದದ್ದು ನಿಜ. ಆದರೆ ಈ 1.5 ಲೀಟರ್ ಎಂಜಿನ್‌ನಲ್ಲಿ ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್‌ಗಳು ಬಡಿದು ವಾಲ್ವ್‌ಗಳು ಬಾಗುತ್ತವೆ. ಆಗಿನ ಖರ್ಚಿನ ಮುಂದೆ ಈ ಮೊತ್ತ ಏನೂ ಅಲ್ಲ.

ಕೊನೆಗೆ ಬೆಂಗಳೂರಿನ ನಮ್ಮ ಬಡಾವಣೆಯ ಚಿಕ್ಕ ಗ್ಯಾರೇಜಿಗೇ ಕಾರನ್ನು ಒಪ್ಪಿಸಿದೆ. ಬೆಲ್ಟ್ ಮಾತ್ರ ಸಾಕೆಂದು ನಾನು ಹೇಳಿದಾಗ ಮೇಸ್ತ್ರಿಯವರು ಒಪ್ಪಲಿಲ್ಲ. ವಾಟರ್ ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ನಾಳೆ ಅದು ಸೋರಿದರೆ ಇಷ್ಟೂ ಭಾಗಗಳನ್ನು ಮತ್ತೆ ಬಿಚ್ಚಬೇಕು, ಕೂಲಿ ಎರಡು ಸಲ ಕೊಡಬೇಕಾಗುತ್ತದೆ ಎಂದು ತಿಳಿಸಿದರು. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಬಿಚ್ಚಿ ಅದನ್ನು ನನ್ನ ಕೈಗಿತ್ತು ತಿರುಗಿಸಲು ಹೇಳಿದರು. ಬೇರಿಂಗ್ ಒಳಗೆ ಮರಳು ಸೇರಿದಂತೆ ಗರಗರ ಸದ್ದು ಬಂತು. ಬೆಲ್ಟನ್ನು ಹಿಂದಕ್ಕೆ ಬಾಗಿಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು.

ನನಗೆ ಬಹಳ ಮೆಚ್ಚುಗೆಯಾದದ್ದು ಜೋಡಣೆಯ ಕ್ರಮ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ದಂಡ ಮತ್ತು ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್ ದಂಡ ಎರಡನ್ನೂ ಪಿನ್ ಹಾಕಿ ನಿಲ್ಲಿಸಿ, ಹೊಸ ಬೆಲ್ಟ್ ಏರಿಸಿ, ಪಿನ್ ತೆಗೆದು, ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸರಿಯಾಗಿ ಕೂರುತ್ತವೆಯೇ ಎಂದು ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿದರು. ಪೂರ್ಣ ಕಿಟ್, ಪಂಪ್, ಕೂಲಂಟ್, ಕೂಲಿ ಸೇರಿ 21,500 ರೂಪಾಯಿ ಆಯಿತು. ಬಿಡಿಭಾಗಗಳ ಬಿಲ್ಲನ್ನೂ ಹಳೆಯ ಭಾಗಗಳನ್ನೂ ಕೇಳದೆಯೇ ಕೊಟ್ಟರು. ಒಂದು ದಿನದ ಕೆಲಸ ಎರಡು ದಿನವಾದಾಗ ಫೋನ್ ಮಾಡಿ ತಿಳಿಸಬೇಕಿತ್ತು, ಅದೊಂದು ಕೊರತೆ.