ಗ್ರೋಮಾ ಕಿಟ್: ಚೌಕಟ್ಟು ಭದ್ರ, ಗುಂಡು ಹಗುರ

ರೋಮನ್ ಭೂಮಾಪಕರು ಹೊಲಗಳಿಗೂ ಸೇನಾ ಶಿಬಿರಗಳಿಗೂ ನೇರ ಗೆರೆ ಹಾಕಲು ಬಳಸುತ್ತಿದ್ದ ಗ್ರೋಮಾದ ಪ್ರತಿಕೃತಿ ಇದು. ಪೆಟ್ಟಿಗೆಯಲ್ಲಿ ಕಬ್ಬಿಣದ ಮೊನೆಯುಳ್ಳ ಕಂಬ, ಅದರ ತಲೆಗೆ ಕೂರುವ ಅಡ್ಡತೋಳು, ತೋಳಿನ ತುದಿಯಲ್ಲಿ ತಿರುಗುವ ನಾಲ್ಕು ಕೈಗಳ ಚೌಕಟ್ಟು, ಕೈಗಳ ತುದಿಗೂ ನಡುವಿಗೂ ಇಳಿಬಿಡುವ ಐದು ತೂಗುಗುಂಡುಗಳು, ಅವಕ್ಕೆ ಕೊಳವೆಗಳು ಮತ್ತು ಹುರಿ ಇವೆ. ಅಲಂಕಾರಕ್ಕೆಂದು ಕೊಳ್ಳುವವರೂ ಇರಬಹುದು. ನನಗೆ ಬೇಕಾಗಿದ್ದುದು ಬಯಲಿನಲ್ಲಿ ಚೌಕ ಹಾಕುವ ಉಪಕರಣ.

ಮರಗೆಲಸದ ಬಗ್ಗೆ ಎರಡು ಮಾತಿಲ್ಲ. 1912ರಲ್ಲಿ ಪೊಂಪೇಯಿಯ ಅಂಗಡಿಯೊಂದರಲ್ಲಿ ಸಿಕ್ಕ ಲೋಹದ ಭಾಗಗಳಿಂದ ಪುರಾತತ್ತ್ವಜ್ಞ ಮಟ್ಟೆಯೊ ಡೆಲ್ಲಾ ಕೊರ್ತೆ ಊಹಿಸಿದ ರೂಪವನ್ನೇ ತಯಾರಕರು ಅನುಸರಿಸಿದ್ದಾರೆ. ಅಡ್ಡತೋಳು ನಿಜಕ್ಕೂ ಇತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಳಸಿ ನೋಡಿದ ಮೇಲೆ ನಾನಂತೂ ತೋಳಿನ ಪರ. ಕಂಬವನ್ನು ಗುರುತಿನ ಕಲ್ಲಿನ ಪಕ್ಕಕ್ಕೆ ನೆಟ್ಟು, ನಡುವಿನ ಗುಂಡನ್ನು ಕಲ್ಲಿನ ನೆತ್ತಿಗೆ ಸರಿಯಾಗಿ ತರಬಹುದು. ಹತ್ತಿರದ ಹುರಿಯ ಹಿಂದೆ ಎದುರಿನ ಹುರಿ ಮರೆಯಾಗುವಂತೆ ಕಣ್ಣಿಟ್ಟಾಗ ಕಂಬ ನೋಟಕ್ಕೆ ಅಡ್ಡ ಬರುವುದಿಲ್ಲ.

ಲಂಬಕೋನದ ಪರೀಕ್ಷೆಗೆ ಒಂದು ಆಕ್ಟಸ್, ಅಂದರೆ 120 ರೋಮನ್ ಅಡಿ, ಸುಮಾರು 35.5 ಮೀಟರ್ ದೂರ ತೆಗೆದುಕೊಂಡೆ. ಒಂದು ಜೋಡಿ ಹುರಿಗಳನ್ನು ಮೂಲರೇಖೆಗೆ ಹೊಂದಿಸಿ, ಇನ್ನೊಂದು ಜೋಡಿ ತೋರಿಸಿದ ದಿಕ್ಕಿನಲ್ಲಿ ಗೂಟ ನೆಟ್ಟೆ. ಬಳಿಕ ಚೌಕಟ್ಟನ್ನು ಕಾಲು ಸುತ್ತು ತಿರುಗಿಸಿ, ಈ ಸಲ ಎರಡನೆಯ ಜೋಡಿಯನ್ನು ಮೂಲರೇಖೆಗೆ ಹೊಂದಿಸಿ, ಮತ್ತೆ ಅದೇ ಬದಿಗೆ ಗುರಿ ಹಿಡಿದು ಇನ್ನೊಂದು ಗೂಟ ನೆಟ್ಟೆ. ಕೈಗಳ ನಡುವಿನ ಕೋನ ಕರಾರುವಾಕ್ಕಾಗಿದ್ದರೆ ಎರಡನೆಯ ಗೂಟ ಮೊದಲನೆಯದರ ಮೇಲೇ ಬೀಳಬೇಕು. ನನ್ನ ಕಿಟ್‌ನಲ್ಲಿ ಅವುಗಳ ನಡುವೆ ಅಂಗೈಯಗಲದ ಅಂತರ ಉಳಿಯಿತು. ಕೈಯಿಂದ ಜೋಡಿಸಿದ ಮರದ ಚೌಕಟ್ಟಿಗೆ ಇದು ಮೆಚ್ಚಬೇಕಾದ ನಿಖರತೆ. ಎರಡು ಗೂಟಗಳ ನಡುಮಧ್ಯೆ ಮೂರನೆಯದನ್ನು ನೆಟ್ಟರೆ ಚೌಕಟ್ಟಿನ ದೋಷ ತಾನಾಗಿ ಕಳೆದುಹೋಗುತ್ತದೆ. ಆದರೂ ಇದನ್ನು ಕಡೆಗಣಿಸುವಂತಿಲ್ಲ: ರೋಮನ್ನರ ಒಂದು ಸೆಂಚೂರಿಯಾದ, ಅಂದರೆ ಭೂಮಿ ಹಂಚಲು ಅಳೆಯುತ್ತಿದ್ದ ಚೌಕದ, ಬದಿ 20 ಆಕ್ಟಸ್, ಸುಮಾರು 710 ಮೀಟರ್. ಅಷ್ಟು ದೂರಕ್ಕೆ ಅಂಗೈಯಗಲ ಇಪ್ಪತ್ತು ಪಟ್ಟಾಗುತ್ತದೆ. ಇಟಲಿಯ ಪೋ ನದಿಯ ಬಯಲಿನಲ್ಲಿ ಇಂದಿಗೂ ಕಾಣುವ ಅವರ ಚೌಕಗಳ ಹಿಂದೆ ಎಂಥ ಶಿಸ್ತು ಇದ್ದಿರಬೇಕೆಂದು ನನಗೆ ಮನದಟ್ಟಾದದ್ದು ಆ ಗೂಟಗಳ ಮುಂದೆ ಮಂಡಿಯೂರಿದಾಗಲೇ.

ನನ್ನ ದೂರು ಗುಂಡುಗಳ ಮೇಲೆ. ಅವು ಟೊಳ್ಳು ಹಿತ್ತಾಳೆಯವು, ತೀರಾ ಹಗುರ. ಎಲೆ ಅಲುಗುವಷ್ಟು ಗಾಳಿ ಬೀಸಿದರೂ ಹುರಿಗಳು ತೂಗಾಡುತ್ತವೆ. ಒಂದು ನಿಲ್ಲುವಷ್ಟರಲ್ಲಿ ಇನ್ನೊಂದು ಹೊರಡುತ್ತದೆ. ಗುಂಡುಗಳನ್ನು ಕೊಳವೆಯೊಳಗೆ ಇಳಿಬಿಡಿ ಎಂದು ಕೈಪಿಡಿ ಪರಿಹಾರ ಹೇಳುತ್ತದೆ. ಪ್ರಾಚೀನ ಗ್ರೀಕ್ ಗಣಿತಜ್ಞ ಅಲೆಕ್ಸಾಂಡ್ರಿಯಾದ ಹೆರಾನ್ ತನ್ನ ಡಯೋಪ್ಟ್ರಾ ಗ್ರಂಥದಲ್ಲಿ ಇದೇ ಉಪಾಯವನ್ನು ತಳ್ಳಿಹಾಕಿದ್ದಾನೆ: ಗುಂಡು ಕೊಳವೆಯ ಗೋಡೆಗೆ ತಾಗಿದರೆ ಹುರಿ ನೆಟ್ಟಗೆ ನಿಲ್ಲುವುದಿಲ್ಲ. ನಾನೂ ಕೊಳವೆ ಹಾಕಿ ನೋಡಿದೆ, ಹೆರಾನ್ ಹೇಳಿದಂತೆಯೇ ಆಯಿತು. ಕೆಟ್ಟದ್ದೆಂದರೆ, ಹುರಿ ಅಲುಗಾಡದೆ ನಿಂತಿರುವುದರಿಂದ ಅದು ವಾಲಿದೆಯೆಂದು ಗೊತ್ತೇ ಆಗುವುದಿಲ್ಲ.

ಕೊನೆಗೆ ಸೀಸದ ದಪ್ಪ ಗುಂಡುಗಳನ್ನು ಕಟ್ಟಿದೆ. ಹುರಿಗಳು ಬೇಗ ನಿಲ್ಲತೊಡಗಿದವು, ಸಾಧಾರಣ ಗಾಳಿಯಲ್ಲೂ ಕೆಲಸ ಸಾಗಿತು. ಭಾರ ಹೆಚ್ಚಿದರೂ ಅಡ್ಡತೋಳು ಬಾಗಲಿಲ್ಲ, ಕೀಲು ಸಡಿಲವಾಗಲಿಲ್ಲ. ಇಷ್ಟು ಗಟ್ಟಿಯಾದ ಚೌಕಟ್ಟಿಗೆ ಇಷ್ಟು ಬಡಕಲು ಗುಂಡುಗಳನ್ನು ಏಕೆ ಜೋಡಿಸಿದರೋ! ಕೊಳ್ಳುವವರು ಭಾರವಾದ ಗುಂಡುಗಳನ್ನೂ ಮೇಣ ಹಚ್ಚಿದ ತೆಳ್ಳನೆಯ ಹುರಿಯನ್ನೂ ಬೇರೆಯಾಗಿ ತಂದಿಟ್ಟುಕೊಳ್ಳಿ. ಕೊಳವೆಗಳನ್ನು ಪೆಟ್ಟಿಗೆಯಲ್ಲೇ ಬಿಡಿ.