ಪೇವರ್ ಅಂಗಳಕ್ಕೆ ಪ್ರೆಷರ್ ವಾಷರ್ ಮತ್ತು ತಿರುಗುವ ತಟ್ಟೆ: ದೀರ್ಘ ಬಳಕೆಯ ವಿಮರ್ಶೆ

ಮನೆಬಳಕೆಯ ವಿದ್ಯುತ್ ಪ್ರೆಷರ್ ವಾಷರ್: 1,800 ವ್ಯಾಟ್ ಆಸುಪಾಸಿನ ಮೋಟಾರು, 130 ಬಾರ್ ಒತ್ತಡ, ನಿಮಿಷಕ್ಕೆ 7ರಿಂದ 8 ಲೀಟರ್ ನೀರು. ಅದರ ಗನ್ನಿಗೆ ಸಿಕ್ಕಿಸುವ, 30 ಸೆಂ.ಮೀ. ಅಗಲದ ಸರ್ಫೇಸ್ ಕ್ಲೀನರ್ ತಟ್ಟೆ. ಕಾರು ಓಡಾಡುವ ಇಂಟರ್‌ಲಾಕ್ ಪೇವರ್ ಅಂಗಳದಲ್ಲಿ ಈ ಜೋಡಿಯನ್ನು ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವುದಿಷ್ಟು: ಕೊಳೆ ಕೀಳುವುದರಲ್ಲಿ ಇದಕ್ಕೆ ಎದುರಿಲ್ಲ, ಆದರೆ ಕೊಳೆಯ ಜೊತೆಗೆ ಸಂದಿನ ಮರಳನ್ನೂ ಕಿತ್ತುಹಾಕುತ್ತದೆ. ಮರಳು ತುಂಬುವ ಕೆಲಸವನ್ನು ಲೆಕ್ಕಕ್ಕೆ ಹಿಡಿಯದವರು ಈ ಯಂತ್ರ ಕೊಳ್ಳದಿರುವುದೇ ಒಳ್ಳೆಯದು.

ಮರಳಿಗೆ ಇಷ್ಟು ಮಹತ್ವ ಯಾಕೆಂದರೆ, ಪೇವರ್ ಹಾಸಿನಲ್ಲಿ ಸಿಮೆಂಟು ಇರುವುದಿಲ್ಲ. 60 ಅಥವಾ 80 ಮಿ.ಮೀ. ದಪ್ಪದ ಬ್ಲಾಕುಗಳು ಮರಳಿನ ಹಾಸಿನ ಮೇಲೆ ಸುಮ್ಮನೆ ಕೂತಿರುತ್ತವೆ. ಒಂದು ಬ್ಲಾಕಿನ ಮೇಲೆ ಚಕ್ರ ಬಂದಾಗ ಆ ಭಾರವನ್ನು ಪಕ್ಕದ ಬ್ಲಾಕುಗಳಿಗೆ ದಾಟಿಸುವುದು 2ರಿಂದ 5 ಮಿ.ಮೀ. ಸಂದಿನಲ್ಲಿ ಬಿಗಿಯಾಗಿ ಕೂತ ಸಣ್ಣ ಮರಳಿನ ತಿಕ್ಕಾಟ. ಸಂದು ಖಾಲಿಯಾದರೆ ಪ್ರತಿ ಬ್ಲಾಕೂ ಒಂಟಿ. ಮೊದಲು ಕಾಲಿಟ್ಟಲ್ಲಿ ಅಲುಗಾಡುತ್ತದೆ, ಆಮೇಲೆ ಮೂಲೆ ಚಕ್ಕೆ ಏಳುತ್ತದೆ, ಕೊನೆಗೆ ಚಕ್ರ ಹಾಯುವ ಜಾಡು ತಗ್ಗಾಗಿ ನೀರು ನಿಲ್ಲುತ್ತದೆ. ಇಷ್ಟಕ್ಕೂ ಪೇವರಿನ ಗುಣಮಟ್ಟವನ್ನು ದೂರುವವರೇ ಹೆಚ್ಚು.

ಈಗ ತಟ್ಟೆಯ ವಿಷಯ. ಗನ್ನಿನ ಜೊತೆ ಬರುವ ಫ್ಯಾನ್ ನಾಝಲ್‌ನಿಂದಲೂ (ನೀರನ್ನು ಬೀಸಣಿಗೆಯಂತೆ ಹರಡುವ ಮೂತಿ) ಅಂಗಳ ತೊಳೆಯಬಹುದು, ಆದರೆ ಕೈ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಹೋಗುವುದಿಲ್ಲ. ಒಣಗಿದ ಮೇಲೆ ಪಟ್ಟೆಪಟ್ಟೆ ಕಾಣುತ್ತದೆ. ತಟ್ಟೆಯೊಳಗೆ ಒಂದು ಅಡ್ಡ ಸರಳು, ಅದರ ಎರಡು ತುದಿಗೂ ಓರೆಯಾಗಿ ಕೂರಿಸಿದ ನಾಝಲ್ ಇರುತ್ತವೆ. ನೀರಿನ ಹಿಮ್ಮೊಗ ತಳ್ಳುವಿಕೆಯಿಂದಲೇ ಸರಳು ಗಿರ್ರನೆ ತಿರುಗುತ್ತದೆ. ನೆಲದಿಂದ ನಾಝಲ್‌ಗೆ ಇರುವ ಅಂತರ ಬದಲಾಗುವುದಿಲ್ಲ, ಕೆಸರು ಗೋಡೆಗೂ ಮೈಗೂ ಎರಚುವುದಿಲ್ಲ. ನೀರು ಒಂದೇ ಕಡೆ ನಿಂತು ಕೊರೆಯದ ಕಾರಣ ಮರಳು ಹೋಗುವುದೂ ಕಡಿಮೆ. ಕಡಿಮೆ ಅಂದರೆ ಕಡಿಮೆ ಅಷ್ಟೇ. ಒಂದು ಸಲ ತೊಳೆದರೆ ಮೇಲಿನ 10–15 ಮಿ.ಮೀ. ಹೋಗುವುದು ಮಾಮೂಲು.

ತಟ್ಟೆ ಸರಿಯಾಗಿ ಕೆಲಸ ಮಾಡಲು ಅದರ ನಾಝಲ್ ಸಂಖ್ಯೆ, ಅಂದರೆ ತೂತಿನ ಗಾತ್ರ ಹೇಳುವ ಅಂಕಿ, ಯಂತ್ರಕ್ಕೆ ಹೊಂದಬೇಕು. ಪೆಟ್ಟಿಗೆಯ ಮೇಲೆ ಇದನ್ನು ಬರೆಯುವವರು ಕಡಿಮೆ. 130 ಬಾರ್, ನಿಮಿಷಕ್ಕೆ 8 ಲೀಟರ್ ಕೊಡುವ ಯಂತ್ರಕ್ಕೆ ಒಂಟಿ ನಾಝಲ್ ಆದರೆ 03 ಸಂಖ್ಯೆಯದು ಬೇಕು. ತಟ್ಟೆಯಲ್ಲಿ ಎರಡಿರುವುದರಿಂದ ತಲಾ 015, ಅಂದರೆ ಅದರ ಅರ್ಧ. ಪೆಟ್ರೋಲ್ ಯಂತ್ರಗಳಿಗೆಂದು ಮಾಡಿದ ತಟ್ಟೆಯಲ್ಲಿ ದೊಡ್ಡ ತೂತಿನ ನಾಝಲ್ ಇರುತ್ತದೆ. ಅದನ್ನು ಸಣ್ಣ ಯಂತ್ರಕ್ಕೆ ಹಾಕಿದರೆ ಸರಳು ತಿರುಗುತ್ತದೆ, ನೀರೂ ಬರುತ್ತದೆ, ಆದರೆ ಒತ್ತಡವೇ ಇಲ್ಲದೆ ಪಾಚಿ ಹಾಗೇ ಉಳಿಯುತ್ತದೆ. ತೂತು ತೀರ ಚಿಕ್ಕದಾದರೆ ಗನ್ ಒತ್ತಿ ಹಿಡಿದಿದ್ದರೂ ಮೋಟಾರು ನಿಂತು ಶುರುವಾಗಿ, ಮತ್ತೆ ನಿಂತು ಶುರುವಾಗಿ ಆಡುತ್ತದೆ. ಎರಡೂ ಸಂದರ್ಭದಲ್ಲಿ ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವ ಮೊದಲು ನಾಝಲ್ ಸಂಖ್ಯೆ ನೋಡಿ.

ಡಬ್ಬಿಯೊಳಗೆ ಬರುವ ಟರ್ಬೊ ನಾಝಲ್ ಅನ್ನು ಮಾತ್ರ ಪೇವರ್ ಹತ್ತಿರ ತರಬೇಡಿ. ಸೂಜಿಯಂಥ ಒಂದೇ ಧಾರೆ ಸುತ್ತುತ್ತಾ ಬಡಿಯುವ ನಾಝಲ್ ಅದು. ಕಾಂಕ್ರೀಟ್ ಬ್ಲಾಕಿನ ನುಣ್ಣನೆಯ ಮೇಲ್ಪದರವನ್ನೇ ಕೆತ್ತಿಹಾಕಿ ಒಳಗಿನ ಜಲ್ಲಿಕಣ ಕಾಣುವಂತೆ ಮಾಡುತ್ತದೆ. ಹಾಗೆ ಒರಟಾದ ಮೈಯಲ್ಲಿ ಪಾಚಿ ಇನ್ನೂ ಬೇಗ ಹಿಡಿಯುತ್ತದೆ. 0 ಡಿಗ್ರಿಯ ಕೆಂಪು ನಾಝಲ್ ಕೂಡ ಹಾಗೇ. ಗೋಡೆಯಂಚಿನಲ್ಲಿ, ತಟ್ಟೆ ನುಗ್ಗದ ಕಡೆ 25 ಡಿಗ್ರಿಯ ಹಸಿರು ನಾಝಲ್ ಸಾಕು. ನೆಲದಿಂದ 25–30 ಸೆಂ.ಮೀ. ದೂರ ಹಿಡಿದು, ಸಂದಿನ ಉದ್ದಕ್ಕೆ ಅಲ್ಲ, ಸಂದಿಗೆ ಓರೆಯಾಗಿ ಹೊಡೆಯಬೇಕು.

ಕೆಲಸದ ಕ್ರಮಕ್ಕೆ ಬಂದರೆ, ನೀರಿಗಿಂತ ಮೊದಲು ಪೊರಕೆ. ಎಲೆ, ಮಣ್ಣು, ಸಂದಿನ ಹುಲ್ಲು ಎಲ್ಲ ಒಣಗಿದ್ದಾಗಲೇ ತೆಗೆದರೆ ಯಂತ್ರದ ಅರ್ಧ ಕೆಲಸ ಮುಗಿಯಿತು. ಹಾವಸೆಯ ದಿಂಡುಗಳನ್ನು ತೆಳು ಕರಣೆಯ ಮೂಲೆಯಿಂದಲೋ ಹಳೇ ಚಾಕುವಿನಿಂದಲೋ ಕೆರೆದು ತೆಗೆಯಿರಿ. ಪ್ರೆಷರ್‌ನಿಂದಲೇ ಕೀಳಿಸಿದರೆ ಬೇರಿಗೆ ಅಂಟಿದ ಮರಳೂ ಹೋಗುತ್ತದೆ, ಚೂರುಗಳು ಅಂಗಳವಿಡೀ ಹರಡಿ ಮತ್ತೆ ಚಿಗುರುತ್ತವೆ. ಅಂದಹಾಗೆ, ಸಂದಿನ ಕಳೆ ಹೆಚ್ಚಾಗಿ ಕೆಳಗಿನಿಂದ ಬರುವುದಲ್ಲ. ಗಾಳಿಯಲ್ಲಿ ಬಂದ ಬೀಜ ಸಂದಿನಲ್ಲಿ ಕೂತ ಧೂಳಿನಲ್ಲಿ ಮೊಳೆಯುತ್ತದೆ. ವಾರಕ್ಕೊಮ್ಮೆ ಗಟ್ಟಿ ಪೊರಕೆಯಲ್ಲಿ ಗುಡಿಸಿದರೆ ಅದಕ್ಕೆ ಬೇರು ಬಿಡಲು ಪುರುಸೊತ್ತು ಸಿಗುವುದಿಲ್ಲ.

ಆಮೇಲೆ ಬ್ಲೀಚ್. ಹಸಿರು ಪಾಚಿಗೆ ಬರಿ ನೀರು ಸಾಕಾದೀತು, ಕಪ್ಪು ಚುಕ್ಕೆಯಾಗಿ ಅಂಟಿಕೊಳ್ಳುವ ಕಲ್ಲುಹೂವಿಗೆ ಸಾಲದು. ಅದು ಬ್ಲಾಕಿನ ರಂಧ್ರದೊಳಗೇ ಬೇರೂರಿರುತ್ತದೆ. ಕೊಲ್ಲದೆ ಉಜ್ಜಿದರೆ ಬ್ಲಾಕೇ ಸವೆಯುತ್ತದೆ. 10–12% ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ ಒಂದು ಪಾಲಿಗೆ ಎರಡು ಪಾಲು ನೀರು; ಮನೆಬಳಕೆಯ 4–5% ಬ್ಲೀಚ್ ಆದರೆ ನೀರು ಬೆರೆಸದೆ ಹಾಗೇ. ಚದರ ಮೀಟರಿಗೆ ಸುಮಾರು ಕಾಲು ಲೀಟರ್. ಮೋಡ ಕವಿದ, ಗಾಳಿಯಿಲ್ಲದ ಹೊತ್ತಿನಲ್ಲಿ ಪ್ಲಾಸ್ಟಿಕ್ ಸ್ಪ್ರೇಯರ್‌ನಲ್ಲಿ ಸಿಂಪಡಿಸಿ 15–20 ನಿಮಿಷ ಬಿಡಿ, ಒಣಗಲು ಮಾತ್ರ ಬಿಡಬೇಡಿ. ಪಕ್ಕದ ಗಿಡಗಳಿಗೆ ಮೊದಲೂ ಆಮೇಲೂ ಧಾರಾಳವಾಗಿ ನೀರು ಹಾಕಿ. ಕೈಗವಸು, ಕನ್ನಡಕ ಬೇಕೇ ಬೇಕು. ಬ್ಲೀಚ್ ಹಾಕಿದ ಜಾಗಕ್ಕೆ ಆ್ಯಸಿಡ್ ಬೀಳಲೇಬಾರದು: ಕ್ಲೋರಿನ್ ಅನಿಲ ಏಳುತ್ತದೆ, ಅದು ಪ್ರಾಣಕ್ಕೇ ಕುತ್ತು. ಹಳೆಯ ಡಬ್ಬಿಯ ಬ್ಲೀಚ್ ಬಿಸಿಲು, ಸೆಕೆಗೆ ಕಸುವು ಕಳೆದುಕೊಂಡಿರುತ್ತದೆ. ವರ್ಷದಿಂದ ಮೂಲೆಯಲ್ಲಿದ್ದದ್ದನ್ನು ಹಾಕಿ ಫಲ ಕಾಣಲಿಲ್ಲ ಎನ್ನಬೇಡಿ.

ಪಾತ್ರೆ ಬೆಳಗಿದ ಅಭ್ಯಾಸದಿಂದ ಕೆಲವರು ವಿನಿಗರ್ ಅಥವಾ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ಕಾಂಕ್ರೀಟಿನ ಅಂಟು ಎಂದರೆ ಸುಣ್ಣದಂಶ. ಆ್ಯಸಿಡ್ ಅದನ್ನೇ ಕರಗಿಸುತ್ತದೆ. ಬ್ಲಾಕು ಹೊಸದಾಗಿದ್ದಾಗ ಕಾಣುವ ಬಿಳಿ ಮಸುಕು ಕೊಳೆಯಲ್ಲ, ಒಳಗಿನ ಸುಣ್ಣ ನೀರಿನೊಂದಿಗೆ ಮೇಲೆ ಬಂದು ಗಾಳಿಗೆ ಗಟ್ಟಿಯಾದದ್ದು. ಮಳೆಗೆ ತಾನಾಗಿ ತೊಳೆದುಹೋಗುತ್ತದೆ, ತಾಳ್ಮೆ ಸಾಕು.

ತಟ್ಟೆಯನ್ನು ಇಳಿಜಾರಿನ ಮೇಲ್ತುದಿಯಿಂದ ಶುರು ಮಾಡಿ ಕೆಳಕ್ಕೆ ತನ್ನಿ. ಗನ್ ಒತ್ತುವ ಮೊದಲು ತಟ್ಟೆ ನೆಲಕ್ಕೆ ಕೂತಿರಬೇಕು, ಬಿಡುವವರೆಗೆ ಎತ್ತಬಾರದು. ಪ್ರತಿ ಸಾಲೂ ಹಿಂದಿನದರ ಮೂರನೇ ಒಂದು ಭಾಗವನ್ನು ಮುಚ್ಚುವಂತೆ ನಿಧಾನವಾಗಿ ನಡೆಯಿರಿ. ಒಣಗಿದ ಮೇಲೆ ಬಳೆಬಳೆಯಾಗಿ ಗುರುತು ಕಂಡರೆ ಅವಸರ ಮಾಡಿದ್ದೀರಿ ಎಂದರ್ಥ. ತಟ್ಟೆ ಕೈಯಲ್ಲಿ ಗಡಗಡ ನಡುಗಿದರೆ ಒಂದು ನಾಝಲ್ ಕಟ್ಟಿಕೊಂಡಿದೆ. ಪಿನ್ ಹಾಕಿ ಬಿಡಿಸಿ, ಸರಳನ್ನು ನಾಝಲ್ ಇಲ್ಲದೆ ಒಮ್ಮೆ ನೀರು ಬಿಟ್ಟು ತೊಳೆಯಿರಿ. ನೀರಿನ ಖರ್ಚು ಗಂಟೆಗೆ 450 ಲೀಟರ್ ಆಸುಪಾಸು.

ಎಣ್ಣೆ ಕಲೆಗೆ ತಟ್ಟೆ ನಿಷ್ಪ್ರಯೋಜಕ, ಇನ್ನಷ್ಟು ಹರಡುತ್ತದೆ. ಹಸಿ ಇದ್ದಾಗಲೇ ಮರದ ಹೊಟ್ಟು ಅಥವಾ ಒಣ ಸಿಮೆಂಟ್ ಪುಡಿ ಹಾಕಿ ಹೀರಿಸಿ ಗುಡಿಸಿ, ಆಮೇಲೆ ಜಿಡ್ಡು ಬಿಡಿಸುವ ಡಿಗ್ರೀಸರ್ ಹಾಕಿ ನೈಲಾನ್ ಬ್ರಷ್‌ನಲ್ಲಿ ತಿಕ್ಕಿ. ತಂತಿ ಬ್ರಷ್ ಬೇಡ. ಅದರ ಚೂರು ಸಿಕ್ಕಿಕೊಂಡು ತುಕ್ಕಿನ ಚುಕ್ಕೆಯಾಗುತ್ತದೆ. ತುಕ್ಕಿಗೆ ಬ್ಲೀಚ್ ಉಪಯೋಗವಿಲ್ಲ, ಆಕ್ಸಾಲಿಕ್ ಆ್ಯಸಿಡ್ ದ್ರಾವಣ ಬೇಕು. ಬ್ಲೀಚ್ ಪೂರ್ತಿ ತೊಳೆದುಹೋದ ಬೇರೆ ದಿನ, ಕಲೆಯಿರುವಷ್ಟೇ ಜಾಗಕ್ಕೆ.

ಇನ್ನು ಮರಳು. ಇದರಲ್ಲಿ ಕಾಸು, ಸಮಯ ಉಳಿಸಲು ಹೋದರೆ ಮಿಕ್ಕಿದ್ದೆಲ್ಲ ದಂಡ. ಬೇಕಿರುವುದು ಒಲೆಯಲ್ಲಿ ಒಣಗಿಸಿದ, 1 ಮಿ.ಮೀ.ಗಿಂತ ಸಣ್ಣ ಕಣದ ಜಾಯಿಂಟ್ ಮರಳು. ಗಾರೆ ಕೆಲಸದ ಮರಳು ಸಂದಿನ ಬಾಯಲ್ಲೇ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ಲೆಕ್ಕ ಹೀಗೆ: 200×100 ಮಿ.ಮೀ. ಬ್ಲಾಕಿನ ಹಾಸಿನಲ್ಲಿ ಒಂದು ಚದರ ಮೀಟರಿಗೆ ಸಂದಿನ ಉದ್ದ ಸುಮಾರು 14 ಮೀಟರ್. ಸಂದು 3 ಮಿ.ಮೀ., ಖಾಲಿಯಾದ ಆಳ 15 ಮಿ.ಮೀ. ಆದರೆ ಸುಮಾರು 1 ಕೆ.ಜಿ. ಮರಳು. 60 ಮಿ.ಮೀ. ಪೂರ್ತಿ ಖಾಲಿಯಾಗಿದ್ದರೆ 4 ಕೆ.ಜಿ. ಚೆಲ್ಲಿಹೋಗುವುದನ್ನೂ ಸೇರಿಸಿ 40 ಚದರ ಮೀಟರಿನ ಅಂಗಳಕ್ಕೆ ಸಾಮಾನ್ಯ ತೊಳೆತದ ನಂತರ 20 ಕೆ.ಜಿ.ಯ ಮೂರು ಚೀಲ ಇಟ್ಟುಕೊಳ್ಳಿ.

ಬ್ಲಾಕೂ ಸಂದೂ ಎರಡೂ ಒಣಗಿರಬೇಕು. ಮೇಲ್ಮೈ ಒಣಗಿದಂತೆ ಕಂಡರೂ ಸಂದಿನೊಳಗೆ ತೇವ ಇರುತ್ತದೆ. ಒಂದು ಚಿಟಿಕೆ ಮರಳು ಉದುರಿಸಿ ನೋಡಿ: ಸರ್ರನೆ ಒಳಗಿಳಿದರೆ ಸರಿ, ಬಣ್ಣ ಕಪ್ಪಾಗಿ ಅಂಚಿಗೆ ಅಂಟಿದರೆ ಇನ್ನೊಂದು ದಿನ ಬಿಸಿಲು ಬೇಕು. ಮರಳು ಸುರಿದು ಮೆದು ಪೊರಕೆಯಿಂದ ಮೂಲೆಯಿಂದ ಮೂಲೆಗೆ, ಎರಡೂ ಓರೆಗೆ ಎಳೆಯಿರಿ. ಸಂದಿನ ದಿಕ್ಕಿಗೇ ಗುಡಿಸಿದರೆ ತುಂಬಿದ್ದು ಎದ್ದು ಬರುತ್ತದೆ. ಮಾರನೆಯ ವಾರ ಕಾರು ಓಡಾಡಿ ಮರಳು ಕುಸಿದಿರುತ್ತದೆ, ಆಗ ಮತ್ತೊಂದು ಸುತ್ತು. ಬ್ಲಾಕಿನ ಅಂಚಿಗಿಂತ 2–3 ಮಿ.ಮೀ. ಕೆಳಗೆ ನಿಂತರೆ ಸರಿಯಾದ ಮಟ್ಟ. ಸಂದಿಗೆ ಸಣ್ಣ ಮರಳಿನ ಬದಲು ಜಲ್ಲಿಪುಡಿ ತುಂಬಿ ನೀರು ಇಂಗುವಂತೆ ಮಾಡಿದ ಅಂಗಳವಾದರೆ ಈ ಮರಳು ಹಾಕಲೇಬೇಡಿ, ಇಂಗುವ ದಾರಿಯೇ ಮುಚ್ಚುತ್ತದೆ. ಅಲ್ಲಿಗೆ 2–6 ಮಿ.ಮೀ.ಯ ತೊಳೆದ ಜಲ್ಲಿಕಣವೇ ಆಗಬೇಕು.

ನೀರು ಬಿದ್ದರೆ ಗಟ್ಟಿಯಾಗುವ ಪಾಲಿಮರ್ ಮರಳು ಕಳೆಗೆ, ಇರುವೆಗೆ ಒಳ್ಳೆಯ ತಡೆ. ಆದರೆ ಬ್ಲಾಕಿನ ಮೇಲೆ ಪುಡಿ ಉಳಿದಿರುವಾಗ ನೀರು ಚಿಮುಕಿಸಿದರೆ ಬಿಳಿ ಪೊರೆಯಾಗಿ ಕೂತುಬಿಡುತ್ತದೆ, ಮತ್ತೆ ಸುಲಭಕ್ಕೆ ಬಿಡದು. ಬ್ಲಾಕಿನ ಮೇಲೆ ಬಳಿಯುವ ರಕ್ಷಣಾ ಲೇಪ, ಅಂದರೆ ಸೀಲರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ತೇವವಿರುವಾಗ ಬಳಿದರೆ ಮಬ್ಬಾಗುತ್ತದೆ, ಕೆಲವು ಮಳೆಯಲ್ಲಿ ಜಾರುತ್ತವೆ, ಒಮ್ಮೆ ಬಳಿದರೆ ಕೆಲವು ವರ್ಷಕ್ಕೊಮ್ಮೆ ಬಳಿಯುತ್ತಲೇ ಇರಬೇಕು.

ಯಂತ್ರದ ಬಾಳಿಕೆ ಕುರಿತು: ಹೆಚ್ಚಿನ ತೊಂದರೆ ನೀರು ಒಳಬರುವ ಕಡೆಯದೇ. ಇನ್‌ಲೆಟ್‌ನ ಪುಟ್ಟ ಜಾಲರಿ ಕಟ್ಟಿಕೊಂಡರೆ ಅಥವಾ ಹೋಸ್ ಜೋಡಣೆಯಲ್ಲಿ ಗಾಳಿ ಎಳೆದರೆ ಧಾರೆ ತೊದಲುತ್ತದೆ, ಪಂಪು ಗೊರಗೊರ ಎನ್ನುತ್ತದೆ. ಸ್ವಿಚ್ ಹಾಕುವ ಮೊದಲು ಗನ್ ಒತ್ತಿಹಿಡಿದು ಗಾಳಿ ಪೂರ್ತಿ ಹೋಗಿ ನೀರು ಒಂದೇ ಸಮ ಬರುವವರೆಗೆ ಕಾಯಿರಿ. ಜೋಡಣೆಗಳ ಓ-ರಿಂಗ್‌ಗಳಿಗೆ ಸಿಲಿಕೋನ್ ಗ್ರೀಸ್ ಸವರಿದರೆ ಬೇಗ ಹರಿಯುವುದಿಲ್ಲ. ಎಕ್ಸ್‌ಟೆನ್ಶನ್ ವೈರು ಸಪೂರವಾಗಿದ್ದರೆ ವೋಲ್ಟೇಜ್ ಬಿದ್ದು ಮೋಟಾರು ಗುಂಯ್‌ಗುಟ್ಟುತ್ತದೆ, ಶುರುವಾಗುವುದಿಲ್ಲ. 2.5 ಚದರ ಮಿ.ಮೀ. ವೈರನ್ನು, ಸುರುಳಿ ಪೂರ್ತಿ ಬಿಚ್ಚಿ, ವಿದ್ಯುತ್ ಸೋರಿಕೆಗೆ ಟ್ರಿಪ್ ಆಗುವ ಸ್ವಿಚ್ಚಿನ ಮೂಲಕ ಬಳಸಿ. ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ, ನಲ್ಲಿ ಕಟ್ಟಿ, ಗನ್ ಒತ್ತಿ ಒಳಗಿನ ಒತ್ತಡ ಬಿಟ್ಟು ಆಮೇಲೆ ಪೈಪು ಬಿಚ್ಚಿ.

ತಟ್ಟೆಯನ್ನು ಬೇರೆ ಕಂಪನಿಯದು ತರುವವರು ಒಂದು ವಿಷಯ ನೋಡಿಕೊಳ್ಳಿ. ಎಂ22 (22 ಮಿ.ಮೀ.) ತಿರುಪಿನ ಜೋಡಣೆಯಲ್ಲಿ ಒಳಗಿನ ಕೊಳವೆ 14 ಮಿ.ಮೀ.ಯದು ಮತ್ತು 15 ಮಿ.ಮೀ.ಯದು ಎಂದು ಎರಡು ಬಗೆ. ತಿರುಪು ಎರಡಕ್ಕೂ ಹೊಂದುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. 15ರ ಬಾಯಿಗೆ 14ರ ಕೊಳವೆ ಕೂರಿಸಿದರೆ ಎಷ್ಟು ಬಿಗಿದರೂ ನೀರು ಸೋರುತ್ತದೆ. ಕ್ಯಾಲಿಪರ್ ಇದ್ದರೆ ಅಳೆದುಕೊಂಡು ಹೋಗಿ, ಇಲ್ಲದಿದ್ದರೆ ಗನ್ನನ್ನೇ ಅಂಗಡಿಗೆ ಒಯ್ಯಿರಿ.